ಇನ್ನೊಂದು ಅನ್ನೋ ಫೋಲ್ಡರು

ಯಾರೇ ಎದುರಿಗೆ ಬಂದು ನಿಂತ್ರೂ ಅಕ್ಕಾರು ಮೊದ್ಲು ಎಡಗಣ್ಣು ಮುಚ್ಚೋರು. ನಲವತ್ತು ವರ್ಷ ಕ್ಯಾಮೆರಾಕ್ಕೆ ಒತ್ತಿ ಒತ್ತಿ ಬಲಹುಬ್ಬಿನ ನಡುವೆ ಕೂದ್ಲು ಬೆಳೀದೆ ಒಂದು ಬೋಳು ಗೆರೆ ಬಿದ್ದಿತ್ತು. ಸೊಪ್ಪು ಮಾರೋಳು ಬಂದ್ರೂ ಅಷ್ಟೆ, ತಹಶೀಲ್ದಾರ್ರು ಬಂದ್ರೂ ಅಷ್ಟೆ. ಎಡಗಣ್ಣು ಮುಚ್ಚಿ, ತಲೆ ಸ್ವಲ್ಪ ಹಿಂದಕ್ಕೆ ತಗಂಡು, ಒಂದು ಗಳಿಗೆ ನೋಡಿ, ಆಮೇಲೆ "ಬರ್ರಿ, ಕೂತ್ಕಳ್ರಿ" ಅನ್ನೋರು. ಹೊಸಬರು ಗಾಬರಿ ಬೀಳೋರು. ಸ್ಟುಡಿಯೋದ ಅಮ್ಮ ನಂಗೆ ಕಣ್ಣು ಹೊಡೆದ್ಲು ಅಂತ ಒಬ್ಬ ಕಂಡಕ್ಟರ್ರು ಬಸ್ ಸ್ಟ್ಯಾಂಡ್ ತುಂಬಾ ಹೇಳ್ಕೊಂಡು ಓಡಾಡ್ದ ಅಂತ ಒಂದು ಸುದ್ದಿ ಇತ್ತು. ಆ ಸುದ್ದಿ ಹುಟ್ಟಿಸಿದ್ದು ನಾನೇ. ಅಂಥ ಕಂಡಕ್ಟರ್ರು ಯಾರೂ ಇರ್ಲಿಲ್ಲ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಾಗೆ ಅವ್ರ ಫೋಟೋ ಸ್ಟುಡಿಯೋ. ಶುರು ಮಾಡಿದ್ದು ಗಂಡ. ಅವ್ರು ತೀರ್ಕೊಂಡಾಗ ಅಂಗಡಿ ಮುಚ್ಚುತ್ತೆ ಅಂತ ಬೀದಿಯೋರೆಲ್ಲ ಅಂದ್ಕೊಂಡಿದ್ರಂತೆ. ಹದಿನಾಲ್ಕನೇ ದಿನ ಅಕ್ಕಾರೇ ಬಂದು ಷಟರ್ ಎತ್ತಿದ್ರು. ಸಂಬಂಧದಾಗೆ ಅವ್ರು ನನಗೆ ಏನೂ ಆಗ್ಬೇಕಿರ್ಲಿಲ್ಲ. ನಾನು ಜಗಳೂರೋನು. ಹೊನ್ನಾಳಿಯಾಗೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಾಗೆ ಅಟೆಂಡರ್ ಆಗಿದ್ದು, ರಿಟೈರ್ ಆದ್ಮೇಲೆ ಹೆಂಡ್ತಿ ಊರು ಅಂತ ಚನ್ನಗಿರಿ ಸೇರ್ಕೊಂಡೆ. ಬೀದಿಯೋರೆಲ್ಲ ಅವ್ರನ್ನ ಅಕ್ಕಾರು ಅಂತಿದ್ರು, ನಾನೂ ಅಂದೆ. ಅವ್ರು ನನ್ನ ತಮ್ಮ ಅಂದ್ರು. ಅಷ್ಟೇ ಸಂಬಂಧ. ಆದ್ರೆ ನನ್ನ ಸ್ವಂತ ಅಕ್ಕಂದಿರು ಮೂರು ಜನ ಅದಾರೆ, ಅವ್ರ ಮನೆಗೆ ಅಷ್ಟು ಸಲ ಹೋಗಿಲ್ಲ.

ಅಟೆಂಡರ್ ಅಂದ್ರೆ ಬಾಗಿಲು ತೆಗೆದು ಫ್ಯಾನ್ ಹಾಕೋನು ಅಂತ ತಿಳ್ಕೊಬ್ಯಾಡ್ರಿ. ಲೆಕ್ಚರರ್ರು ಬೋರ್ಡಿನ ಹತ್ರ ನಿಂತು ಕಂಪ್ಯೂಟರ್ ನಡೆಸೋ ಲಿನಕ್ಸ್ ಅನ್ನೋ ಪ್ರೋಗ್ರಾಂ ಹೇಳ್ಕೊಡೋರು. ಹುಡುಗ್ರು ಆಕಳಿಸೋರು, ನಾನು ಬಾಗಿಲ ಹತ್ರ ಸ್ಟೂಲಿನ ಮೇಲೆ ಕೂತು ಕಲ್ತೆ. ಕೊನೆಕೊನೆಗೆ ಲೆಕ್ಚರರ್ರೇ ಸಿಕ್ಕಾಕ್ಕೊಂಡ್ರೆ ನನ್ನ ಕಡೆ ನೋಡೋರು. ಚನ್ನಗಿರಿ ತಾಲೂಕಿನಾಗೆ ಅರವತ್ತು ದಾಟಿದ ಮೇಲೆ ಲಿನಕ್ಸ್ ಹಾಕಾಕೆ ಬರೋ ಗಂಡಸು ನಾನೊಬ್ನೇ. ಬೇರೆ ಯಾರಾದ್ರೂ ಇದ್ರೆ ಬರ್ಲಿ, ಟೀ ಕುಡಿಸ್ತೀನಿ.

ಅಕ್ಕಾರ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದ್ದೂ ನಾನೇ. ಬಂದೋರೆಲ್ಲ ಪೆನ್ ಡ್ರೈವ್ ಚುಚ್ಚಿ ಚುಚ್ಚಿ ಅದಕ್ಕೆ ವೈರಸ್ ಹತ್ತಿ, ತಿಂಗ್ಳಿಗೊಂದ್ಸಲ ಫೋಟೋ ಎಲ್ಲ ಮಾಯ ಆಗೋವು. ನಾನು ಹೋಗಿ, "ಅಕ್ಕಾರೆ, ನಂಗೆ ಒಂದು ದಿನ ಕೊಡ್ರಿ, ವೈರಸ್ ಅನ್ನೋದು ಈ ಬೀದಿಗೇ ಕಾಲಿಡಲ್ಲ" ಅಂದೆ.

"ಮಾಡೋದಾದ್ರೆ ಮಾಡು ತಮ್ಮ. ಆದ್ರೆ ನನ್ನ ಮುಖಗಳು ಎಲ್ಲಿದ್ವೋ ಅಲ್ಲೇ ಇರ್ಬೇಕು."

ಫೋಟೋ ಅಂತಿರ್ಲಿಲ್ಲ ಅವ್ರು. ಮುಖಗಳು ಅನ್ನೋರು.

ಆ ಮುಖಗಳ ವಿಷಯ ಹೇಳ್ಬೇಕು. ರೇಷನ್ ಕಾರ್ಡಿಗೆ, ಪಿಂಚಣಿಗೆ, ಬಸ್ ಪಾಸಿಗೆ ಅಂತ ಜನ ಬರೋರು. ಸ್ಟೂಲಿನ ಮೇಲೆ ಕೂತ್ಕೊಂಡ ತಕ್ಷಣ ಪೊಲೀಸ್ ಸ್ಟೇಷನ್ನಿನಾಗೆ ಕೂತಂಗೆ ಬಿಗೀತಿದ್ರು. ಅಕ್ಕಾರು ಒಂದು ಫೋಟೋ ತೆಗ್ಯೋರು, ಅರ್ಜಿಗೆ ಎಷ್ಟು ಬೇಕೋ ಅಷ್ಟು. ಆಮೇಲೆ "ಮುಗೀತು, ಏಳ್ರಿ" ಅನ್ನೋರು. ಆ ಮಾತಿಗೆ ಎದುರಿಗಿದ್ದೋರ ಹೆಗಲು ಇಳೀತಿತ್ತು, ಉಸಿರು ಬಿಡ್ತಿದ್ರು, ಸೆರಗು ಸರಿ ಮಾಡ್ಕೊಂತಿದ್ರು, ಜೊತೆಗೆ ಬಂದೋರ ಕಡೆ ತಿರುಗಿ ಏನೋ ಅನ್ನಾಕೆ ಬಾಯಿ ತೆಗೀತಿದ್ರು. ಆಗ ಅಕ್ಕಾರು ಇನ್ನೊಂದು ಸಲ ಕ್ಲಿಕ್ ಅನ್ನಿಸೋರು. ಅದು ಅರ್ಜಿಗಲ್ಲ, ಕೇಳಿದೋರಿಗೂ ಅಲ್ಲ. "ಮುಗೀತು ಅಂದ್ಮೇಲೇನೇ ಮನುಷ್ಯ ಹೊರಗೆ ಬರೋದು ತಮ್ಮ" ಅನ್ನೋರು.

ಆ ಎರಡನೇ ಫೋಟೋಗಳೆಲ್ಲ ಒಂದೇ ಫೋಲ್ಡರಿನಾಗೆ. ಅದಕ್ಕೆ "ಇನ್ನೊಂದು" ಅಂತ ಹೆಸರು. ಯಾವ ಫೋಟೋಕ್ಕೂ ಹೆಸರಿಲ್ಲ, ಕ್ಯಾಮೆರಾ ಕೊಟ್ಟ ನಂಬರ್ ಅಷ್ಟೇ. ಸಾವಿರಾರು ಮುಖ. ತೆರೆದ್ರೆ ಒಂದು ಸಾಲಿಗೆ ನಾಕು ನಾಕು ದೊಡ್ಡ ಚೌಕದಾಗೆ ಕಾಣೋವು. ಅಕ್ಕಾರಿಗೆ ಯಾವ ಮುಖ ಎಲ್ಲೈತೆ ಅಂತ ಬೆರಳಿಗೇ ಗೊತ್ತು. ಮೂರು ಸಲ ಕೆಳಗೆ ಎಳೆದ್ರೆ ಬಸವಾಪಟ್ಟಣದ ದರ್ಜಿ, ಇನ್ನೊಂಚೂರು ಎಳೆದ್ರೆ ಸೂರಗೊಂಡನಕೊಪ್ಪದಿಂದ ಬಂದಿದ್ದ ಕನ್ನಡಿ ಕುಪ್ಪಸದ ಅಜ್ಜಿ.

ಯಾಕೆ ಇಟ್ಕೊಂಡಿದ್ರು ಅಂದ್ರೆ, ಮನೆಯಾಗೆ ಯಾರಾದ್ರೂ ಹೋದ್ರೆ ಜನ ಮೊದ್ಲು ಬರೋದು ಅಲ್ಲಿಗೆ. ಮಣ್ಣಿಗೆ ಒಯ್ಯೋವಾಗ ಟ್ರ್ಯಾಕ್ಟರಿನ ಮುಂದೆ ಕಟ್ಟಾಕೆ ಒಂದು ಫೋಟೋ ಬೇಕು, ಹಾರ ಹಾಕಾಕೆ ಬೇಕು. ಮೊಬೈಲಿನಾಗೆ ಇರ್ತಾವಲ್ಲ ಅಂತೀರಿ. ಮೊಮ್ಮಕ್ಕಳ ಫೋಟೋ ಸಾವಿರ ಇರ್ತಾವೆ ಕಣ್ರೀ, ಅಜ್ಜಿದು ಒಂದು ಇರುತ್ತೆ, ಅದ್ರಾಗೆ ಆಕೆ ಒಲೆ ಕಡೆ ತಿರುಗಿರ್ತಾಳೆ. ಆಧಾರ್ ಕಾರ್ಡಿಂದಂತೂ ಹೇಳೋದೇ ಬ್ಯಾಡ, ಅದ್ರಾಗೆ ಊರಿಗೆ ಊರೇ ಕಳ್ರಂಗೆ ಕಾಣ್ತೀವಿ.

ಒಂದ್ಸಲ ನ್ಯಾಮತಿಯಿಂದ ಇಬ್ರು ಅಣ್ತಮ್ಮಂದಿರು ಬಂದಿದ್ರು, ಅಪ್ಪ ತೀರ್ಕೊಂಡಿದ್ದ. ಅಕ್ಕಾರು ತೆಗೆದುಕೊಟ್ಟ ಫೋಟೋದಾಗೆ ಆ ಮುದುಕ ಬಾಯಿ ತುಂಬಾ ನಗ್ತಿದ್ದ. ಹಿರಿಯೋನು, "ಅಕ್ಕಾರೆ, ಹೆಣದ ಮುಂದೆ ಹಿಂಗೆ ಹಲ್ಲು ಬಿಟ್ಟಿರೋದು ಇಟ್ರೆ ಜನ ಏನಂತಾರೆ" ಅಂದ. "ಅಳಾಕೆ ನೀವು ಅದೀರಲ್ಲ. ಅವ್ರೂ ಅಳ್ಬೇಕಾ?" ಅಂದ್ರು ಅಕ್ಕಾರು. ಕಿರಿಯೋನು ಅಲ್ಲೇ ಬೆಂಚಿನ ಮೇಲೆ ಕೂತು, ಅಪ್ಪನ ಫೋಟೋ ನೋಡಿ ತಾನೂ ನಕ್ಕ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.

ನನಗೂ ಅಕ್ಕಾರಿಗೂ ನಡುವೆ ಒಂದು ಆಟ ಇತ್ತು. ನಾನು ಹುಟ್ಟಾ ಕಿತಾಪತಿ. ಕಾಲೇಜಿನ ಪ್ರಿನ್ಸಿಪಾಲರ ಕಂಪ್ಯೂಟರಿನ ಪರದೆ ತಲೆಕೆಳಗು ಮಾಡಿ, ಅವ್ರು ಕತ್ತು ಓರೆ ಮಾಡ್ಕೊಂಡು ಸರ್ಕ್ಯುಲರ್ ಓದೋ ಹಂಗೆ ಮಾಡಿದೋನು. ಅಕ್ಕಾರ ಮೌಸಿನ ಬಾಣದ ಗುರ್ತನ್ನ ಅಂಗೈಯಷ್ಟು ದೊಡ್ಡದು ಮಾಡೋದು, ಪರದೆಯ ಚಿತ್ರ ತೆಗೆದು ನನ್ನ ಫೋಟೋ ಹಾಕೋದು, ಇಂಥವು. ಅವ್ರೇನು ಕಮ್ಮಿ ಇರ್ಲಿಲ್ಲ. ನನ್ನ ಬಸ್ ಪಾಸಿನ ಫೋಟೋವನ್ನ ಬೇಕಂತ್ಲೇ ಕಣ್ಣು ಮುಚ್ಚಿದಾಗ ತೆಗೆದು, ಎಂಟು ಕಾಪಿ ಹಾಕಿ, ಕವರಿನಾಗೆ ಅಂಟಿಸಿ ಕೊಟ್ಟಿದ್ರು. ಕೌಂಟರಿನಾಗೆ ಕೂತಿದ್ದೋನು "ಯಜಮಾನ್ರು ಬದುಕಿದಾರಾ?" ಅಂತ ನನ್ನನ್ನೇ ಕೇಳ್ದ.

ಆಟಕ್ಕೆ ಒಂದು ನಿಯಮ ಇತ್ತು. ಕೀಟಲೆ ಮಾಡಿದ್ರೆ ಕೀಬೋರ್ಡಿನ ಮೇಲೆ ಒಂದು ಪೆಪ್ಪರ್‌ಮೆಂಟ್ ಇಟ್ಟು ಬರ್ಬೇಕು. ಅದನ್ನ ನೋಡಿದ ಕೂಡ್ಲೇ ಅಕ್ಕಾರು ಅದನ್ನ ಬಾಯಿಗೆ ಹಾಕ್ಕೊಂಡು, "ಬಂದಿದ್ದನಾ ಕೋತಿ" ಅಂತ ಹುಡುಕಾಕೆ ಶುರು ಮಾಡೋರು. ನಿಯಮ ಮಾಡಿದ್ದು ನಾನೇ. ಮುರಿದಿದ್ದೂ ನಾನೇ.

ಒಂದಿನ ಮಾತಿಗೆ ಮಾತು ಬಂದು, "ಈ ಕಂಪ್ಯೂಟರ್ ನಂಗೆ ಕಣ್ಣು ಕಟ್ಟಿದ್ರೂ ಗೊತ್ತು ತಮ್ಮ, ಇನ್ನು ನಿನ್ನ ಆಟ ನಡ್ಯಲ್ಲ" ಅಂದ್ರು. ನಂಗೆ ಅಷ್ಟು ಸಾಕಾಯ್ತು. ಅವ್ರು ಎದುರಿನ ಅಂಗಡಿಗೆ ಟೀ ಹೇಳಾಕೆ ಹೋದ್ರು, ನಾನು ಕುರ್ಚಿಗೆ ಕೂತೆ.

ಲಿನಕ್ಸಿನಾಗೆ ಫೋಲ್ಡರ್ ತೆಗೆದು ತೋರ್ಸಾಕೆ ಫೈಲ್ ಮ್ಯಾನೇಜರ್ ಅಂತ ಒಂದಿರುತ್ತೆ. ಒಂದೇ ಇರ್ಬೇಕು ಅಂತಿಲ್ಲ, ಎರಡು ಮೂರು ಇಟ್ಕೋಬಹುದು. ಫೋಲ್ಡರ್ ಮೇಲೆ ಒತ್ತಿದ್ರೆ ಅವುಗಳಾಗೆ ಯಾವುದು ಬಂದು ಬಾಗಿಲು ತೆಗೀಬೇಕು ಅನ್ನೋದನ್ನ ನಾವೇ ಗೊತ್ತು ಮಾಡ್ಬಹುದು. ಅದಕ್ಕೆ ಡೀಫಾಲ್ಟ್ ಅಂತಾರೆ. ಅಕ್ಕಾರ ಡೀಫಾಲ್ಟು ಮುಖ ತೋರ್ಸೋದು. ನಾನು ಕಮಾಂಡ್ ಬರೆಯೋ ಕರಿ ಪರದೆ ತೆಗೆದು, ಒಂದೇ ಸಾಲು ಬರೆದು, ಬೇರೆ ಒಂದನ್ನ ಕೂರಿಸಿದೆ. ಅದು ಬೋಳು ಬೋಳು. ಚಿತ್ರ ತೋರ್ಸಲ್ಲ, ಎರಡು ಅಂಕಣದಾಗೆ ಬರೀ ಹೆಸ್ರು ತೋರ್ಸುತ್ತೆ. ಮೊದ್ಲಿಂದು ತೆಗೆದ ತಾರೀಖಿನ ಪ್ರಕಾರ ಜೋಡಿಸ್ತಿತ್ತು, ಇದು ನಂಬರಿನ ಪ್ರಕಾರ, ಬೇರೆ ಬೇರೆ ಕ್ಯಾಮೆರಾದ ನಂಬರ್ ಎಲ್ಲ ಕಲಸಿಹೋದ್ವು. ಮುಖ ಒಂದೂ ಕಳೀಲಿಲ್ಲ, ಎಲ್ಲಾ ಅಲ್ಲೇ ಇದ್ವು. ಕಾಣ್ತಿರ್ಲಿಲ್ಲ ಅಷ್ಟೇ. ಎರಡು ನಿಮಿಷದ ಕೆಲ್ಸ. ಟೀ ಬರೋದ್ರೊಳಗೆ ಮುಗಿಸಿ, ಏನೂ ಗೊತ್ತಿಲ್ದೋನಂಗೆ ಪೇಪರ್ ಓದ್ತಾ ಕೂತಿದ್ದೆ.

ಪೆಪ್ಪರ್‌ಮೆಂಟ್ ಜೇಬಿನಾಗೇ ಇತ್ತು. ಬೇಕಂತ್ಲೇ ಇಡ್ಲಿಲ್ಲ. ಕಣ್ಣು ಕಟ್ಟಿದ್ರೂ ಗೊತ್ತು ಅಂದ್ರಲ್ಲ, ಗುರ್ತು ಇಲ್ದೇ ಹಿಡೀಲಿ ನೋಡಾನ ಅಂತ. ಟೀ ಕುಡಿದು ಜಗಳೂರಿನ ಬಸ್ ಹತ್ತಿದೆ, ನಮ್ಮ ಅಣ್ಣನ ಮಗನ ಮನೆ ಗೃಹಪ್ರವೇಶ ಇತ್ತು. ಅಲ್ಲಿ ಹೋಳಿಗೆ ತಿಂತಾ ಮೊಬೈಲನ್ನ ಎಲೆ ಪಕ್ಕದಾಗೇ ಇಟ್ಕೊಂಡಿದ್ದೆ. ಈಗ ಫೋನ್ ಬರುತ್ತೆ, ಈಗ ಬೈತಾರೆ ಅಂತ. ಬಂದ ನೆಂಟ್ರಿಗೆಲ್ಲ ಮೊದ್ಲೇ ಕತೆ ಹೇಳಿ ನಗಿಸಿದ್ದೂ ಆಯ್ತು. ನಾಕು ದಿನ ಫೋನ್ ಬರ್ಲಿಲ್ಲ.

ಐದನೇ ದಿನ ವಾಪಸ್ ಬಂದು ಸ್ಟುಡಿಯೋ ಕಡೆ ಹೋದ್ರೆ ಷಟರ್ ಅರ್ಧ ಇಳಿಸಿತ್ತು. ಬಗ್ಗಿ ಒಳಗೆ ಹೋದೆ. ಅಕ್ಕಾರು ಗಿರಾಕಿಗಳು ಕೂರೋ ಸ್ಟೂಲಿನ ಮೇಲೆ ಕೂತಿದ್ರು, ಕೈ ತೊಡೆ ಮೇಲೆ. ನನ್ನ ನೋಡಿ ಎಡಗಣ್ಣು ಮುಚ್ಚಲಿಲ್ಲ. ಎರಡೂ ಕಣ್ಣಿನಾಗೆ ನೋಡಿದ್ರು.

"ಬಾ ತಮ್ಮ. ನಿಂಗೇ ಕಾಯ್ತಿದ್ದೆ. ಅಂಗಡಿ ಬಿಡಾನ ಅಂತ ಮಾಡೀನಿ."

"ಏನಾಯ್ತು ಅಕ್ಕಾರೆ?"

"ತಲೆ ಹೋಯ್ತು."

ನಾನು ನಗಾಕೆ ಬಾಯಿ ತೆಗೆದಿದ್ದೆ. ಅವ್ರ ಮುಖ ನೋಡಿ ಮುಚ್ಚಿದೆ.

"ನಮ್ಮ ದೊಡ್ಡಕ್ಕನಿಗೂ ಹಿಂಗೇ ಶುರುವಾಗಿದ್ದು," ಅಂದ್ರು. "ಮೊದ್ಲು ಉಪ್ಪಿನ ಡಬ್ಬಿ ಎಲ್ಲೈತೆ ಅಂತ ಮರ್ತ್ಲು. ಆಮೇಲೆ ಹೆತ್ತ ಮಗನಿಗೆ ನೀವು ಯಾವೂರು ಅಂದ್ಲು. ನೀನು ಊರಿಗೆ ಹೋದ ಮಾರನೇ ದಿನ ಉಬ್ರಾಣಿಯಿಂದ ಒಬ್ಳು ಹೆಣ್ಮಗಳು ಬಂದಿದ್ಲು. ಅವ್ರವ್ವ ಬೆಳಿಗ್ಗೆ ಹೋಗ್ಬಿಟ್ಟಿದ್ಲು. ಹೋದ ವರ್ಷ ಪಿಂಚಣಿಗೆ ಫೋಟೋ ತೆಗೆಸಿದ್ಲು ಅಕ್ಕಾರೆ, ನಮ್ಮ ಹತ್ರ ಒಂದೂ ಸರಿಯಾಗಿದ್ದು ಇಲ್ಲ, ಕೊಡ್ರಿ ಅಂದ್ಲು. ಆ ಮುಖ ನಂಗೆ ಚೆನ್ನಾಗಿ ನೆನಪೈತೆ ತಮ್ಮ, ಈಗ್ಲೂ ಕಣ್ಣ ಮುಂದೈತೆ. ಫೋಲ್ಡರ್ ತೆಗ್ದೆ. ಒಂದೂ ಮುಖ ಇಲ್ಲ. ಬರೀ ನಂಬರು. ಮುಚ್ಚಿ ತೆಗ್ದೆ, ಮುಚ್ಚಿ ತೆಗ್ದೆ. ಒಂದೊಂದೇ ನಂಬರ್ ಒತ್ತಿ ನೋಡಿದ್ರೆ ಮುಖ ಬರ್ತಾವೆ, ಆದ್ರೆ ಎಲ್ಲೆಲ್ಲಿದ್ದೋರೋ ಎಲ್ಲೆಲ್ಲೋ ಅದಾರೆ. ಒಂದೂವರೆ ತಾಸು ಒತ್ತಿದೆ. ಆ ಹುಡುಗಿ ಮೇಜು ಹಿಡ್ಕೊಂಡು ನಿಂತೇ ಇದ್ಲು. ಹೊತ್ತಾಗುತ್ತೆ ಬಾ ಅಂತ ಊರಿಂದ ಮೂರ್ಸಲ ಫೋನ್ ಬಂತು. ಇರ್ಲಿ ಬಿಡ್ರಿ ಅಕ್ಕಾರೆ ಅಂತ ಹೋದ್ಲು. ಆಧಾರ್ ಕಾರ್ಡಿಂದನ್ನೇ ದೊಡ್ಡದು ಮಾಡ್ಸಿದ್ರಂತೆ."

"ಕಂಪ್ಯೂಟರ್ ಕೆಟ್ಟಿರ್ಬೇಕು ಅಂತ ಅನ್ನಿಸ್ಲಿಲ್ವಾ?" ಅಂದೆ.

"ಕೆಟ್ಟಿದ್ರೆ ಆನ್ ಆಗ್ತಿರ್ಲಿಲ್ಲ ಅಲ್ವಾ? ಆನ್ ಆಗೈತೆ, ಎಲ್ಲಾ ಐತೆ. ನಂಗೊಬ್ಳಿಗೇ ಯಾವುದೂ ಗುರ್ತು ಹತ್ತುತ್ತಿಲ್ಲ. ಹಂಗಾದ್ರೆ ಕೆಟ್ಟಿರೋದು ಯಾವುದು, ನೀನೇ ಹೇಳು." ಮೇಜಿನ ಕಡೆ ಕೈ ತೋರಿಸಿ ಅಂದ್ರು, "ಮೊದ್ಲು ನಿನ್ನ ಕೀಟಲೆ ಇರ್ಬೇಕು ಅಂತ ಸಂತೋಷ ಆಯ್ತು. ಪೆಪ್ಪರ್‌ಮೆಂಟ್ ಹುಡುಕಿದೆ. ಕೀಬೋರ್ಡ್ ಎತ್ತಿ ನೋಡ್ದೆ. ಮೇಜಿನ ಕೆಳಗೆ ಬ್ಯಾಟ್ರಿ ಹಾಕಿ ನೋಡ್ದೆ. ಇರ್ಲಿಲ್ಲ."

ನಾನು ಜೀವಮಾನದಾಗೆ ಎಷ್ಟೋ ಜನರ ಮುಂದೆ ಎಷ್ಟೋ ಸುಳ್ಳು ಹೇಳೀನಿ. ಆವತ್ತೂ ಒಂದು ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಅದೇನೋ ಅಪ್‌ಡೇಟ್ ಆಗಿರ್ಬೇಕು ಅಕ್ಕಾರೆ, ಸರಿ ಮಾಡ್ತೀನಿ ಅಂದಿದ್ರೆ ನಂಬೋರು. ನನಗೆ ಏನೂ ಆಗ್ತಿರ್ಲಿಲ್ಲ. ಅವ್ರು ಸ್ಟೂಲಿನ ಮೇಲೆ ಕೂತ ರೀತಿ ನೋಡಿ ಬಾಯಿಂದ ನಿಜಾನೇ ಬಂತು.

"ನಾನೇ ಮಾಡಿದ್ದು ಅಕ್ಕಾರೆ. ಪೆಪ್ಪರ್‌ಮೆಂಟ್ ಇಡ್ಲಿಲ್ಲ."

ಅವ್ರು ಸ್ಟೂಲನ್ನ ನನ್ನ ಕಡೆ ಎಳ್ಕೊಂಡ್ರು. ಆಮೇಲೆ ಮೆಲ್ಲಗೆ, "ಹಂಗಾದ್ರೆ ನನ್ನ ತಲೆ ಸರಿ ಐತಾ?"

"ಸರಿ ಐತೆ ಅಕ್ಕಾರೆ."

"ಇನ್ನೊಂದ್ಸಲ ಹೇಳು."

"ಸರಿ ಐತೆ."

ಸೆರಗನ್ನ ಮುಖಕ್ಕೆ ಒತ್ಕೊಂಡ್ರು. ನಾಕು ದಿನ ಒಬ್ರೇ ಹೊತ್ತಿದ್ದ ಭಯ ಅದು. ಬೇರೆ ಊರಿಗೆ ಕೊಟ್ಟಿದ್ದ ತಮ್ಮ ಮಗಳಿಗೂ ಹೇಳಿರ್ಲಿಲ್ಲ. ನಾನು ಮತ್ತೆ ಆ ಒಂದು ಸಾಲು ಬರೆದು ಮೊದ್ಲಿನ ಡೀಫಾಲ್ಟ್ ಕೂರಿಸಿದೆ. ಫೋಲ್ಡರ್ ತೆಗೆದ್ರೆ ಮುಖಗಳೆಲ್ಲ ನಾಕು ನಾಕರಂಗೆ ಬಂದು ನಿಂತ್ವು. ಅಕ್ಕಾರು ಎದ್ದು ಬಂದು, ಮೌಸ್ ಹಿಡಿದು, ಒಂದು ನಿಮಿಷವೂ ಆಗ್ಲಿಲ್ಲ, ಉಬ್ರಾಣಿ ಅವ್ವನ್ನ ತೆಗೆದ್ರು. ಸ್ಟೂಲಿಂದ ಏಳ್ತಿದ್ಲು ಆಕೆ, ಒಂದು ಕೈ ಮಂಡಿ ಮೇಲೆ, ಬಾಯಿ ಅರ್ಧ ತೆರೆದು ಯಾರನ್ನೋ ಕರೀತಿದ್ಲು.

ಆಗ ಬಂತು ನೋಡ್ರಿ ಸಿಟ್ಟು. ಬೈಲಿಲ್ಲ, ಕೂಗ್ಲಿಲ್ಲ. ಫೋಟೋ ಪ್ರಿಂಟಿಗೆ ಹಾಕಿ, ನನ್ನ ಕಡೆ ತಿರುಗದೇನೇ, "ನಂಗೆ ಮಾಡಿದ್ದು ಹೆಂಗೋ ಆಗುತ್ತೆ. ನಾನೂ ನಿಂಗೆ ಏನಾದ್ರೂ ಮಾಡ್ತೀನಿ. ಆ ಹುಡುಗಿಗೆ ಏನ್ ಹೇಳ್ತೀಯ?" ಅಂದ್ರು.

"ನೀವೇ ಒಂದು ಮಾತು…"

"ನಾನು ಬರ್ತೀನಿ. ಮಾತಾಡೋನು ನೀನು."

ಮಾರನೇ ಬೆಳಿಗ್ಗೆ ಉಬ್ರಾಣಿ ಬಸ್ ಹತ್ತಿದ್ವಿ. ಅಕ್ಕಾರು ಫೋಟೋವನ್ನ ಚೌಕಟ್ಟು ಹಾಕಿಸಿ, ಪೇಪರ್ ಸುತ್ತಿ, ಮಗೂನ ಹಿಡಿದಂಗೆ ಎದೆಗೆ ಹಿಡ್ಕೊಂಡಿದ್ರು. ಊರ ತುದಿಯಾಗೆ ಎರಡು ಕೋಣೆ ಮನೆ. ಮಗಳು ಮೂವತ್ತು ಮೂವತ್ತೆರಡರ ಹೆಣ್ಮಗಳು, ಕೂಲಿಗೆ ಹೋಗೋಳು, ಇನ್ನೂ ಕೆಲ್ಸಕ್ಕೆ ಹೋಗಾಕೆ ಶುರು ಮಾಡಿರ್ಲಿಲ್ಲ. ಗೋಡೆ ಮೇಲೆ ದೊಡ್ಡದಾಗಿ ಆಧಾರ್ ಕಾರ್ಡಿನ ಮುಖ. ಮುಖ ಅನ್ನೋ ಹಂಗಿರ್ಲಿಲ್ಲ, ಎರಡು ಕಪ್ಪು ಚುಕ್ಕೆ, ಒಂದು ಕಪ್ಪು ಗೆರೆ. ಅದಕ್ಕೇ ಹೂವಿನ ಹಾರ ಹಾಕಿದ್ರು.

ನಾನು ನಿಂತ್ಕೊಂಡೇ ಹೇಳಿದೆ. ಯಾರು ನಾನು, ಏನ್ ಮಾಡಿದೆ, ಯಾಕೆ ಮಾಡಿದೆ. ಆಕೆಗೆ ಕಂಪ್ಯೂಟರ್ ವಿಷಯ ಅರ್ಥ ಆಯ್ತೋ ಇಲ್ವೋ ಗೊತ್ತಿಲ್ಲ, ಆದ್ರೆ ನಾನು ಬೇಕಂತ್ಲೇ ಮಾಡಿದ್ದು ಅನ್ನೋದು ಅರ್ಥ ಆಯ್ತು.

"ನಗಾಕೆ ಅಂತ ಮಾಡಿದ್ರಾ?"

"ಹೂಂ ಕಣಮ್ಮ."

"ಯಾರು ನಕ್ರು?"

ನೆಂಟ್ರು ನಕ್ಕಿದ್ರು, ಜಗಳೂರಿನಾಗೆ, ಹೋಳಿಗೆ ಎಲೆ ಮುಂದೆ. ಅದನ್ನ ಹೆಂಗೆ ಹೇಳೋದು.

ಅಕ್ಕಾರು ಪೇಪರ್ ಬಿಚ್ಚಿ ಫೋಟೋ ಕೊಟ್ರು. ಆಕೆ ನೋಡಿದ್ಲು. ಬೆರಳಿನಾಗೆ ಆ ಮಂಡಿ ಮೇಲಿದ್ದ ಕೈ ಮುಟ್ಟಿದ್ಲು. "ಹಿಂಗೇ ಏಳ್ತಿದ್ಲು. ಏಳೋವಾಗ ನನ್ನ ಕರ್ಯೋಳು, ಹಿಡ್ಕೊಳ್ಳೇ ಅಂತ." ಆಮೇಲೆ ಒಂದು ತಂಬಿಗೆ ನೀರು ತಂದು ನಮ್ಮ ಮುಂದಿಟ್ಲು. "ಮಣ್ಣು ಕೊಡೋ ಹೊತ್ತಿಗೆ ಬೇಕಾಗಿತ್ತು ಯಜಮಾನ್ರೆ," ಅಂದ್ಲು. ಬೈದು ಕಳಿಸಿದ್ರೆ ಚೆನ್ನಾಗಿರ್ತಿತ್ತು. ಹೊಸ ಫೋಟೋವನ್ನ ಗೋಡೆಗೆ ಹಾಕಿದ್ಲು, ಆದ್ರೆ ಹಳೇದು ತೆಗೀಲಿಲ್ಲ. ಅಕ್ಕಾರು ಕೇಳಿದ್ದಕ್ಕೆ, "ಇದನ್ನೇ ನೋಡ್ಕೊಂಡು ಅತ್ತೀನಿ, ಇದೂ ಇರ್ಲಿ" ಅಂದ್ಲು.

ವಾಪಸ್ ಬರೋ ಬಸ್ಸಿನಾಗೆ ಅಕ್ಕಾರು ಕೇಳಿದ್ರು. "ಆ ಹುಡುಗಿ ಮುಂದೆ ಡೀಫಾಲ್ಟ್ ಅಂದ್ಯಲ್ಲ, ಹಂಗಂದ್ರೇನು ಸರಿಯಾಗಿ ಹೇಳು."

"ನಾವು ಇಂಥದ್ದೇ ಅಂತ ಹೇಳ್ದೇ ಇದ್ದಾಗ ತಾನಾಗೇ ಬರೋದು ಅಕ್ಕಾರೆ."

"ಹಂಗಾದ್ರೆ ನಿನ್ನ ಡೀಫಾಲ್ಟ್ ಮಂಗಾಟ. ಬದಲಾಯಿಸಾಕೆ ಬರುತ್ತಾ?"

ಅವ್ರೇ ಕಿಟಕಿ ಕಡೆ ತಿರುಗಿ ಅಂದ್ರು, "ತಪ್ಪು ನಂದೂ ಐತೆ. ಮುಖ ಎಲ್ಲಾ ತೆಗೆದಿಟ್ಟೆ, ಒಂದಕ್ಕೂ ಹೆಸರು ಬರೀಲಿಲ್ಲ. ನಾನಿರೋವರೆಗೆ ನಡೀತು. ನಾಳೆ ನಾನಿಲ್ಲ ಅಂದ್ರೆ ಎಂಥ ಮ್ಯಾನೇಜರ್ ಕೂರಿಸಿದ್ರೂ ಇವ್ರು ಯಾರು ಅಂತ ಅದಕ್ಕೆ ಗೊತ್ತಾಗುತ್ತಾ? ನಾಳೆಯಿಂದ ಬಾ. ನಾನು ಹೇಳ್ತೀನಿ, ನೀನು ಬರಿ."

ಹಂಗೆ ಶುರುವಾಯ್ತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹೋಗೋದು, ಹನ್ನೆರಡರವರೆಗೆ ಬರೆಯೋದು. ಒಂದು ಮುಖ ತೆಗೀತಿದ್ದೆ, ಅವ್ರು ಎಡಗಣ್ಣು ಮುಚ್ಚಿ ನೋಡಿ ಹೇಳ್ತಿದ್ರು. ಹೆಸರು, ಊರು, ಮನೆತನ. ಬರೀ ಅಷ್ಟೇ ಹೇಳಿದ್ರೆ ಅಕ್ಕಾರು ಹೆಂಗಾದಾರು? "ಇವ್ಳು ಮೂಗುತಿ ಅಡ ಇಟ್ಟಿದ್ಲು, ಫೋಟೋಕ್ಕೆ ಅಂತ ಪಕ್ಕದ ಮನೆಯೋಳ್ದು ಹಾಕ್ಕೊಂಡು ಬಂದಿದ್ಲು." "ಇವ್ರು ಹೆಂಡ್ತಿಗೆ ಹೆದ್ರಿ ಮೀಸೆ ಬೋಳ್ಸಿದ್ದು, ಬರಿ." "ಅದನ್ನ ಫೈಲಿನ ಹೆಸರಿನಾಗೆ ಹೆಂಗೆ ಬರ್ಯೋದು ಅಕ್ಕಾರೆ?" "ಮತ್ತೆ ಇಷ್ಟು ದಿನ ಜಂಭ ಕೊಚ್ಕೊಂತಿದ್ದೆ, ಅಷ್ಟೂ ಬರಲ್ವಾ?" ನಾನು ಬರೀತಿದ್ದೆ. ಈಗ್ಲೂ ಒಂದು ಫೈಲಿನ ಹೆಸರು ಅರ್ಧ ಮೊಳ ಐತೆ.

ಐದಾರು ತಿಂಗ್ಳು ಹಿಂಗೇ ನಡೀತು. ಆಮೇಲೆ ಒಂದಿನ ಒಂದು ಮುಖ ತೆಗ್ದೆ. ಅಕ್ಕಾರು ನೋಡಿದ್ರು. ಎಡಗಣ್ಣು ಮುಚ್ಚಿ ನೋಡಿದ್ರು. ಬಲಗಣ್ಣು ಮುಚ್ಚಿ ನೋಡಿದ್ರು. "ಇವ್ರು… ಮುಂದಕ್ಕೆ ಹೋಗು ತಮ್ಮ, ಆಮೇಲೆ ಹೇಳ್ತೀನಿ." ಆ ವಾರದಾಗೆ ಹಂಗೆ ಮೂರು ಸಲ ಆಯ್ತು. ಮುಂದಿನ ವಾರ ದಿನಕ್ಕೆ ಮೂರು. ಒಂದು ಬೆಳಿಗ್ಗೆ ಹೋದ್ರೆ ಎಂಟಕ್ಕೇ ಬಂದು ಕೂತಿದ್ರು. "ಇನ್ಮೇಲೆ ಎಂಟಕ್ಕೇ ಬಾ. ಕತೆ ಬ್ಯಾಡ, ಬರೀ ಹೆಸ್ರು ಬರ್ಕೊಂಡು ಹೋಗಾನ," ಅಂದ್ರು. ನನಗೆ ಗೊತ್ತಾಯ್ತು. ಅಕ್ಕಾರ ಮಗಳು ಬಂದು ದಾವಣಗೆರೆ ಆಸ್ಪತ್ರೆಗೆ ಕರ್ಕೊಂಡು ಹೋದ್ಲು. ಡಾಕ್ಟ್ರು ಹೇಳಿದ್ದೂ ಅದನ್ನೇ, ದೊಡ್ಡಕ್ಕನಿಗೆ ಬಂದಿದ್ದೇ.

ನನಗೆ ಕೂಡ್ಲೇ ತಲೆಗೆ ಬಂದಿದ್ದು ಆ ನಾಕು ದಿನ. ಬರೋದು ಬರ್ತಿತ್ತು ಅಂತ ಡಾಕ್ಟ್ರು ಅಂದ್ರು, ಮಗಳೂ ಅಂದ್ಲು. ಇರ್ಬಹುದು. ಆದ್ರೆ ಬರೋದಕ್ಕೆ ಮುಂಚೇನೇ ಅದರ ರುಚಿ ತೋರ್ಸಿದೋನು ನಾನು. ಒಂದಿನ ಅಕ್ಕಾರೇ, "ನೀನು ಆವತ್ತು ಹಂಗೆ ಮಾಡಿದ್ದು ಒಳ್ಳೇದೇ ಆಯ್ತು. ಇಲ್ದಿದ್ರೆ ಹೆಸರು ಬರೆಸ್ತಿರ್ಲಿಲ್ಲ" ಅಂದ್ರು. ಅವ್ರ ದೊಡ್ಡ ಮನಸ್ಸು ಅದು. ಆ ಮಾತನ್ನ ನಾನು ಒಪ್ಪಲ್ಲ. ಒಪ್ಪಿದ್ರೆ ಉಬ್ರಾಣಿ ಮಗಳ ಮುಖ ನೋಡಾಕಾಗಲ್ಲ.

ನಾವು ಓಡಿದ್ವಿ ಕಣ್ರೀ, ಇಬ್ರು ಮುದುಕ್ರು. ಮುಖ ಮುಂದೆ ಮುಂದೆ, ನಾವು ಹಿಂದೆ ಹಿಂದೆ. ಕೆಲವು ದಿನ ಚೆನ್ನಾಗಿರೋರು, ಒಂದೇ ಬೆಳಿಗ್ಗೆ ಎಪ್ಪತ್ತು ಹೇಳೋರು. ಕೆಲವು ದಿನ ನನ್ನ ಗಂಡನ ಫೋಟೋ ತೋರ್ಸು ಅಂತ ಅದೊಂದನ್ನೇ ನೋಡ್ಕೊಂಡು ಕೂರೋರು. ಒಂದಿನ ನಾನು ಅವ್ರನ್ನೇ ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗ್ದೆ. "ಮುಗೀತು, ಏಳ್ರಿ" ಅಂದೆ. ಅವ್ರು ಏಳ್ಲಿಲ್ಲ. "ಕಳ್ಳ, ನನ್ನ ವಿದ್ಯೆ ನನಗೇ ತೋರಿಸ್ತೀಯ? ತೆಗಿ, ಗೊತ್ತು" ಅಂತ ನಕ್ರು. ಆ ನಗು ಸಿಕ್ತು. ಸ್ವಲ್ಪ ಓರೆ ಬಂತು.

ಹೋದ ವರ್ಷ ಚಳಿಗಾಲದಾಗೆ ಹೋದ್ರು ಅಕ್ಕಾರು, ಮಗಳ ಮನೆಯಾಗೆ. ಕೊನೇ ತಿಂಗ್ಳು ನನ್ನನ್ನ ಯಾರೋ ಆಫೀಸಿನೋರು ಅಂತ ತಿಳ್ಕೊಂಡು ರೀ ಅಂತ ಮಾತಾಡಿಸ್ತಿದ್ರು. ನಾನೂ ಆಫೀಸಿನೋನಂಗೇ ಕೂತು ಬರ್ತಿದ್ದೆ. ಟ್ರ್ಯಾಕ್ಟರಿಗೆ ಕಟ್ಟಿದ್ದು ನಾನು ತೆಗೆದ ಫೋಟೋನೇ. ಚನ್ನಗಿರಿಯಿಂದ ಹೋಗಿದ್ದೋರು ಒಬ್ರು, "ಇಷ್ಟು ಜನಕ್ಕೆ ಫೋಟೋ ತೆಗೆದೋರು, ಅವ್ರದ್ದು ಯಾವನೋ ಓರೆ ತೆಗೆದವ್ನೆ ನೋಡು" ಅಂದ್ರು. ನಾನು ಸುಮ್ಮನಿದ್ದೆ. ಸುಮ್ಮನಿರೋದನ್ನ ನಾನು ಕಲ್ತಿದ್ದೇ ಆಗ.

ಮಗಳು ಕಂಪ್ಯೂಟರ್ ನನಗೆ ಕೊಟ್ಲು. ಹೆಸರಿಲ್ಲದ ಮುಖ ಇನ್ನೂ ನಾನೂರರ ಮೇಲೆ ಉಳಿದಿದ್ವು. ಮುಖದ ಮೇಲೆ ಊರು ಬರ್ದಿರಲ್ಲ, ಆದ್ರೆ ತೆಗೆದ ದಿನ ಫೈಲಿನಾಗೆ ಇರುತ್ತೆ. ಉಬ್ರಾಣಿಯ ಪಿಂಚಣಿಯೋರೆಲ್ಲ ಒಂದೇ ಟೆಂಪೋದಾಗೆ ಬಂದು ಒಂದೇ ದಿನ ಫೋಟೋ ತೆಗೆಸಿದ್ರು ಅಂತ ಅಕ್ಕಾರು ಹೇಳಿದ್ದು ನನಗೆ ನೆನಪಿತ್ತು. ಆ ದಿನದ್ದು ಹನ್ನೊಂದು ಮುಖ ಉಳಿದಿದ್ವು. ಪ್ರಿಂಟ್ ಹಾಕ್ಸಿ, ಕವರಿನಾಗಿಟ್ಟು, ಬಸ್ ಹತ್ತಿದೆ. ಉಬ್ರಾಣಿಯಾಗೆ ನನಗೆ ಗೊತ್ತಿರೋ ಮನೆ ಒಂದೇ.

ಬಾಗಿಲ ಹತ್ರ ಹೋಗಿ ನಿಂತೆ. ಆಕೆ ಅಕ್ಕಿ ಆರಿಸ್ತಾ ಕೂತಿದ್ಲು. ಗುರ್ತು ಹಿಡಿದ್ಲು.

"ಅಕ್ಕಾರು ಹೋಗ್ಬಿಟ್ರಮ್ಮ," ಅಂದೆ.

ಮೊರ ಕೆಳಗಿಟ್ಲು. ಎಲ್ಲಿ, ಹೆಂಗೆ ಅಂತ ಕೇಳಿದ್ಲು. ಹೇಳಿದೆ. ಕವರ್ ತೆಗೆದು ಮುಂದಿಟ್ಟು, "ಇವ್ರ ಹೆಸರು ಬರೆದಿಲ್ಲ. ಅಕ್ಕಾರಿಗೆ ಹೇಳಾಕೆ ಆಗ್ಲಿಲ್ಲ. ನಿಂಗೆ ಗೊತ್ತಿದ್ರೆ…" ಅಂದೆ. ಆಕೆ ಹೂಂ ಅಂತಾಳೆ ಅಂತ ನನಗೆ ನಂಬಿಕೆ ಇರ್ಲಿಲ್ಲ. ಅನ್ಬೇಕಾಗೂ ಇರ್ಲಿಲ್ಲ.

ಆಕೆ ಕೈ ಒರೆಸ್ಕೊಂಡು ಕವರ್ ತಗಂಡ್ಲು. ಒಂದೊಂದೇ ನೋಡ್ಕೊಂತ ಹೋದ್ಲು. "ಇದು ನಮ್ಮ ಕೊನೇ ಮನೆ ಅಜ್ಜಿ. ಇವ್ರು ಕೆರೆ ನೀರು ಬಿಡ್ತಿದ್ದ ನೀರಗಂಟಿ. ನೀರಗಂಟಿ ಇಲ್ಲ ಈಗ, ಹೋಗಿ ಎರಡು ವರ್ಷ ಆಯ್ತು. ಅವ್ರ ಮನೆಯಾಗೆ ಒಂದು ಫೋಟೋ ಇಲ್ಲ ಯಜಮಾನ್ರೆ." ಎದ್ದು ಹೊರಗೆ ಹೋಗಿ ಕೂಗಿದ್ಲು. ಬೀದಿಯೋರು ಬಂದ್ರು. ಫೋಟೋಗಳು ಕೈಯಿಂದ ಕೈಗೆ ಹೋದ್ವು. ಒಬ್ಬ ಮುದುಕ ತನ್ನದೇ ಫೋಟೋ ಹಿಡ್ಕೊಂಡು, "ಇದ್ಯಾವೋನು, ಭಾರಿ ನಗ್ತಾನಲ್ಲ" ಅಂದ. ಎಲ್ರೂ ನಕ್ರು. ನೀರಗಂಟಿಯ ಸೊಸೆ ಫೋಟೋವನ್ನ ಎರಡೂ ಕೈಯಾಗೆ ಹಿಡ್ಕೊಂಡು ನಿಂತೇ ಇದ್ಲು, ವಾಪಸ್ ಕೊಡ್ಲಿಲ್ಲ. ನಾನೂ ಕೇಳ್ಲಿಲ್ಲ.

ಹನ್ನೊಂದೂ ಬರ್ಕೊಂಡೆ. ಹೊರಡೋವಾಗ ಅವ್ವನ ಮಗಳು ಬಾಗಿಲವರೆಗೂ ಬಂದು, "ಇನ್ನೂ ಎಷ್ಟು ಅದಾವೆ?" ಅಂದ್ಲು.

ನಾನು ಹೇಳಿದೆ.

"ಹಂಗಾದ್ರೆ ಬಿಸಿಲಾಗೆ ಯಾಕೆ ನಿಂತೀರಿ, ಹೋಗ್ರಿ," ಅಂದ್ಲು.

ಹೆಸರಿಲ್ಲದೋವು ಈಗ ಮುನ್ನೂರಕ್ಕೆ ಇಳಿದಾವೆ. ಗುರ್ತು ಹಿಡಿಯೋರಿಗೂ ವಯಸ್ಸಾಗ್ತಾ ಐತೆ, ನನಗೂ ಆಗ್ತಾ ಐತೆ. ತೆಗೆದ ದಿನ ನೋಡಿದ್ರೆ ಬಸವಾಪಟ್ಟಣದೋರು ಅಂತ ಕಾಣೋವು ಇಪ್ಪತ್ತು ಪ್ರಿಂಟ್ ಹಾಕ್ಸಿ ಇಟ್ಟೀನಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗ್ತೀನಿ.